ಹಣೆಯ ಮೇಲೆ ಎಳೆದ ಗೆರೆ

ಸಿಟಿ ಸ್ಕ್ಯಾನಿನಲ್ಲಿ ಮೂಳೆಗೆ ಅಂಚು ಇರುವುದಿಲ್ಲ. ಇರುವುದು ಬೂದು ಬಣ್ಣದ ಚುಕ್ಕಿಗಳು. ಕೆಲವು ಬೆಳ್ಳಗೆ, ಕೆಲವು ಕಪ್ಪಗೆ, ಉಳಿದವು ನಡುವೆ ಎಲ್ಲೋ. ಎಲ್ಲಿಯವರೆಗೆ ಮೂಳೆ, ಎಲ್ಲಿಂದಾಚೆ ಮಾಂಸ ಅಂತ ಯಾರಾದರೂ ಕೂತು ತೀರ್ಮಾನ ಮಾಡಬೇಕು. ಪುಣೆಯಲ್ಲಿ ನನ್ನ ಕೆಲಸ ಅದೇ. ದವಡೆ, ಕೆನ್ನೆ, ಕಣ್ಣಿನ ಗುಳಿಗಳ ಸ್ಕ್ಯಾನ್ ನನ್ನ ಕಂಪ್ಯೂಟರಿಗೆ ಬರುತ್ತದೆ. ಅದರೊಳಗಿಂದ ಮೂಳೆಯನ್ನಷ್ಟೇ ಬಿಡಿಸಿ ತೆಗೆದು ಥ್ರೀಡಿ ಪ್ರಿಂಟರಿಗೆ ಕೊಡುತ್ತೇನೆ. ರೋಗಿಯ ಮೂಳೆಯಷ್ಟೇ ದೊಡ್ಡದಾದ ಒಂದು ಮಾದರಿ ಸರ್ಜನ್ ಕೈಗೆ ಹೋಗುತ್ತದೆ. ಅವರು ಅದರ ಮೇಲೆ ಗುರುತು ಹಾಕುತ್ತಾರೆ, ಟೈಟೇನಿಯಂ ಪಟ್ಟಿಯನ್ನು ಅದರ ಮೇಲಿಟ್ಟು ಬಗ್ಗಿಸಿಕೊಳ್ಳುತ್ತಾರೆ, ಆಮೇಲೆ ಆಪರೇಶನ್ನಿಗೆ ಹೋಗುತ್ತಾರೆ.

ನಾನು ಓದಿದ್ದು ಚಿತ್ರಕಲೆ, ಧಾರವಾಡದಲ್ಲಿ. ಇಲ್ಲಿನ ಕನ್ನಡ ಕಾರ್ಯಕ್ರಮಗಳಲ್ಲಿ ಊರ ಕಡೆಯವರು ಸಿಕ್ಕಾಗ "ಚಿತ್ರಾ ತಗಿಯೋರಿಗೆ ದವಾಖಾನಿ ಕೆಲಸ ಹೆಂಗ ಸಿಕ್ತು?" ಅಂತ ಕೇಳುತ್ತಾರೆ. ಕಂಪ್ಯೂಟರ್ ಕಲಿತಿರಬೇಕು ಅಂತ ಉತ್ತರವನ್ನೂ ಅವರೇ ಕೊಟ್ಟುಕೊಳ್ಳುತ್ತಾರೆ. ಕಂಪ್ಯೂಟರನ್ನು ಯಾರಾದರೂ ಕೆಲವು ತಿಂಗಳಲ್ಲಿ ಕಲಿಯಬಹುದು. ದಿನವೂ ನನ್ನ ಕೈ ಹಿಡಿಯುವುದು ಗೆರೆ ಎಳೆದು ಎಳೆದು ಪಳಗಿದ ಕಣ್ಣು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಸಿಟಿ ಯಂತ್ರ ತಲೆಯನ್ನು ಸವತೆಕಾಯಿ ಹೆಚ್ಚಿದ ಹಾಗೆ ತೆಳು ಬಿಲ್ಲೆಗಳಾಗಿ ನೋಡುತ್ತದೆ. ಒಂದೊಂದು ಬಿಲ್ಲೆ ಒಂದು ಮಿಲಿಮೀಟರ್ ದಪ್ಪ, ಇಲ್ಲವೇ ಅದಕ್ಕಿಂತ ಕಡಿಮೆ. ಬಿಲ್ಲೆಯ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಸಾವಿರದ ಆಚೀಚೆ. ಈ ಅಳತೆಗೆ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅನ್ನುವ ಬ್ರಿಟಿಷ್ ಎಂಜಿನಿಯರ್ ಹೆಸರಿದೆ. ಅವರು ಮಾಡಿದ ಯಂತ್ರದಲ್ಲಿ ಮೊದಲ ರೋಗಿಯ ಮಿದುಳನ್ನು ನೋಡಿದ್ದು 1971ರಲ್ಲಿ, ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ ನೊಬೆಲ್ ಬಂತು.

ಎಲ್ಲಕ್ಕೂ ಸಂಖ್ಯೆ ಇದೆ ಅಂದಮೇಲೆ ಕೆಲಸ ಸುಲಭ ಅನಿಸುತ್ತದೆ ಅಲ್ವಾ? 200ಕ್ಕಿಂತ ಜಾಸ್ತಿ ಇರುವುದೆಲ್ಲ ಮೂಳೆ ಅಂತ ಹೇಳಿದರೆ ಸಾಫ್ಟ್‌ವೇರ್ ಕ್ಷಣದಲ್ಲಿ ಬುರುಡೆಯನ್ನು ತೋರಿಸಿಬಿಡುತ್ತದೆ. ಕೆಳದವಡೆಗೆ ಅಷ್ಟು ಬಹುಮಟ್ಟಿಗೆ ಸಾಕು. ಕಣ್ಣಿನ ಗುಳಿಯ ತಳಕ್ಕೆ ಬಂದರೆ ಸಾಲುವುದಿಲ್ಲ. ಅಲ್ಲಿ ಮೂಳೆ ಅರ್ಧ ಮಿಲಿಮೀಟರಿನಷ್ಟು ತೆಳು. ಮೂಗಿನ ಕಡೆಯ ಗೋಡೆ ಇನ್ನೂ ತೆಳು. ಒಂದೇ ಚುಕ್ಕಿಯೊಳಗೆ ಚೂರು ಮೂಳೆ, ಚೂರು ಗಾಳಿ, ಚೂರು ಕೊಬ್ಬು ಸೇರಿಕೊಳ್ಳುತ್ತದೆ. ಯಂತ್ರ ಮೂರರ ಸರಾಸರಿ ಕೊಡುತ್ತದೆ. ಆ ಸರಾಸರಿ 200ರ ಕೆಳಗೆ ಇಳಿದರೆ ಪರದೆಯ ಮೇಲೆ ಅಲ್ಲೊಂದು ತೂತು. ರೋಗಿಯ ಮೂಳೆಯಲ್ಲಿ ತೂತಿಲ್ಲ, ಚಿತ್ರದಲ್ಲಿ ಇದೆ. ಹಲ್ಲಿಗೆ ಲೋಹ ತುಂಬಿಸಿದ್ದರೆ ತೊಂದರೆ ಉಲ್ಟಾ. ಲೋಹದ ಸುತ್ತ ಬೆಳ್ಳನೆ ಗೆರೆಗಳು ಚಿಮ್ಮಿ, ಇಲ್ಲದ ಮೂಳೆ ಇದ್ದ ಹಾಗೆ ಕಾಣುತ್ತದೆ. ಅಂಥ ಕಡೆ ಪೆನ್ನು ಹಿಡಿದು, ಒಂದೊಂದೇ ಬಿಲ್ಲೆಗೆ, ಅಂಚನ್ನು ಕೈಯಲ್ಲೇ ಎಳೆಯಬೇಕು. ಇದಕ್ಕೆ ನಮ್ಮಲ್ಲಿ ಸೆಗ್ಮೆಂಟೇಶನ್ ಅನ್ನುತ್ತಾರೆ. ನನ್ನ ಮಟ್ಟಿಗೆ ಅದು ಚಿತ್ರ ಬಿಡಿಸುವ ಕೆಲಸವೇ.

ಚಿತ್ರಶಾಲೆಯ ಮೊದಲ ವರ್ಷದಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದೂ ಇದನ್ನೇ. ಕೆನ್ನೆಗೂ ಅದರಾಚೆಯ ಗಾಳಿಗೂ ನಡುವೆ ಯಾರೂ ಗೆರೆ ಎಳೆದಿಟ್ಟಿಲ್ಲ. ಬೆಳಕು ತಿರುಗುವ ಒಂದು ಜಾಗ ಇದೆ, ಅಷ್ಟೆ. ನಾವು ಇದ್ದಿಲು ಹಿಡಿದು ಅಲ್ಲಿ ಗೆರೆ ಎಳೆಯುತ್ತೇವೆ. ಆ ಗೆರೆ ಸರಿಯಾಗಿ ಬೀಳಬೇಕಾದರೆ ಕೆನ್ನೆಯ ಒಳಗಿನ ಮೂಳೆ ಎಲ್ಲಿ ಉಬ್ಬುತ್ತದೆ, ಎಲ್ಲಿ ತಗ್ಗುತ್ತದೆ ಅಂತ ಗೊತ್ತಿರಬೇಕು. ಅದಕ್ಕೇ ಅವರು ನಮ್ಮಿಂದ ತಲೆಬುರುಡೆಯನ್ನು ಮತ್ತೆ ಮತ್ತೆ ಬಿಡಿಸಿಸುತ್ತಿದ್ದರು. ಅವತ್ತು ಬೇಸರ ಬರುತ್ತಿತ್ತು. ಇವತ್ತು ನನ್ನ ಊಟ ಅದರಿಂದಲೇ ನಡೆಯುತ್ತಿದೆ.

ಪುಣೆಯಲ್ಲಿ ಕೂತು ಈ ಕೆಲಸ ಮಾಡುವವರಿಗೆ ತಿಳಿದಿರಲೇಬೇಕಾದ ಚಿತ್ರ ಒಂದಿದೆ. 1794ರದ್ದು. ಚಿತ್ರದಲ್ಲಿರುವ ಮನುಷ್ಯನ ಹೆಸರು ಕಾವಸ್ಜಿ. ಮರಾಠಿ ರೈತ. ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ, ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು ಎಂದು ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರಿನಲ್ಲಿ ಬರೆಯಿತು. ಶ್ರೀರಂಗಪಟ್ಟಣದ ಹತ್ತಿರ ಅವನು ಬಾಂಬೆ ಸೇನೆಯನ್ನು ಬಂದು ಸೇರಿದ. ಕಂಪನಿ ಪಿಂಚಣಿ ಕೊಟ್ಟಿತು. ವರ್ಷಕ್ಕೂ ಮೇಲೆ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನಿಗೆ ಹೊಸ ಮೂಗು ಕೂರಿಸಿದ.

ಹೇಗೆ ಕೂರಿಸಿದ ಅನ್ನುವುದನ್ನು ನಿಧಾನವಾಗಿ ಓದಬೇಕು. ಮೊದಲು ಮೇಣದ ತೆಳು ಹಾಳೆಯನ್ನು ಉಳಿದ ಮೂಗಿನ ಬುಡಕ್ಕೆ ಹೊಂದಿಸಿ, ನೋಡಲು ಚೆನ್ನಾದ ಒಂದು ಮೂಗಿನ ಆಕಾರ ಕೊಡುವುದು. ಆಮೇಲೆ ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಇಡುವುದು. ಅದರ ಸುತ್ತ ಗೆರೆ ಎಳೆಯುವುದು. ಗೆರೆ ಎಳೆದಮೇಲೆ ಮೇಣದ ಕೆಲಸ ಮುಗಿಯಿತು. ಆ ಗೆರೆಯ ಒಳಗಿನ ಚರ್ಮವನ್ನು ಹಣೆಯಿಂದ ಬಿಡಿಸುವುದು, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಹಾಗೇ ಬಿಡುವುದು. ರಕ್ತ ಹರಿಯುವುದು ಆ ಪಟ್ಟಿಯಲ್ಲಿ. ಮೂಗಿನ ಬುಡದ ಹಳೆ ಗಾಯವನ್ನು ಹೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಆ ಬುಡದ ಸುತ್ತ ಕೊಯ್ದು ಮಾಡಿದ ಸೀಳಿನೊಳಗೆ ಅದರ ಅಂಚು ಸೇರಿಸುವುದು. ಹೊಲಿಗೆಯ ಮಾತೇ ಇಲ್ಲ. ಕಾಚನ್ನು ನೀರಲ್ಲಿ ನೆನೆಸಿ ಬಟ್ಟೆಯ ಪಟ್ಟಿಗೆ ಸವರಿ ಐದಾರು ಪದರ ಅಂಟಿಸುವುದು. ನಾಲ್ಕು ದಿನ ಅಷ್ಟೇ. ಆಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಮೂಗಿನ ಹೊಳ್ಳೆಗಳಿಗೆ ಮೆತ್ತನೆ ಬಟ್ಟೆ, ಮುಚ್ಚಿಹೋಗದಿರಲಿ ಅಂತ. ಸುಮಾರು 25ನೆಯ ದಿನಕ್ಕೆ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುವುದು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮೇಣವನ್ನು ಚಪ್ಪಟೆ ಮಾಡುವ ಆ ಹೆಜ್ಜೆ. ಮೂಗು ಎದ್ದು ನಿಂತದ್ದು. ಅದಕ್ಕೆ ಬದಿಗಳಿವೆ, ತುದಿ ಇದೆ, ಕೆಳಗೆ ಎರಡು ಹೊಳ್ಳೆಗಳಿವೆ. ಹಣೆಯ ಚರ್ಮ ಮಟ್ಟಸ. ಮಟ್ಟಸ ಚರ್ಮದಲ್ಲಿ ಯಾವ ಆಕಾರ ಕತ್ತರಿಸಿದರೆ ಅದು ಮಡಚಿದಾಗ ಮೂಗಾಗುತ್ತದೆ? ಕತ್ತಿ ಹಿಡಿಯುವ ಮೊದಲೇ ಇದನ್ನು ಬಿಡಿಸಿಕೊಳ್ಳಬೇಕು. ಚರ್ಮದ ಮೇಲೆ ಎರಡನೇ ಸಲ ಪ್ರಯತ್ನ ಮಾಡಲು ಬರುವುದಿಲ್ಲ. ಮೇಣದಲ್ಲಿ ಎಷ್ಟು ಸಲ ಬೇಕಾದರೂ ಮಾಡಬಹುದು. ನಾನು ಪ್ರಿಂಟ್ ಮಾಡಿ ಕಳಿಸುವ ಪ್ಲಾಸ್ಟಿಕ್ ದವಡೆಯ ಉದ್ದೇಶವೂ ಪೂರ್ತಿ ಅದೇ. ತಪ್ಪು, ತಿದ್ದುಪಡಿ, ಅನುಮಾನ ಎಲ್ಲವೂ ಮಾದರಿಯ ಮೇಲೆ ಆಗಿಹೋಗಲಿ, ರೋಗಿಯ ಮೇಲೆ ಬೇಡ.

ಸುಶ್ರುತ ಸಂಹಿತೆಯಲ್ಲಿ ಈ ಅಳತೆಗೆ ಮರದ ಎಲೆ ಬಳಸುವ ಮಾತಿದೆ. ಮೂಗಿನಷ್ಟು ದೊಡ್ಡ ಎಲೆ ಕತ್ತರಿಸಿ, ಅದರ ಅಳತೆಗೆ ಕೆನ್ನೆಯ ಚರ್ಮ ತೆಗೆಯುವುದು. ಪುಣೆಯವನದ್ದು ಮೇಣ ಮತ್ತು ಹಣೆ. ಇವತ್ತಿನ ಪ್ಲಾಸ್ಟಿಕ್ ಸರ್ಜನ್ನರೂ ಮೂಗು ಕಟ್ಟಲು ಹಣೆಯ ಚರ್ಮವನ್ನೇ ಬಳಸುತ್ತಾರೆ. ಹೊಲಿಗೆ ದಾರ ಬರುವ ಪೊಟ್ಟಣದ ಅಲ್ಯೂಮಿನಿಯಂ ಹಾಳೆಯನ್ನು ಮೂಗಿನ ಮೇಲೆ ಒತ್ತಿ, ಬಿಚ್ಚಿ, ಹಣೆಯ ಮೇಲಿಟ್ಟು ಮಾರ್ಕರಿನಲ್ಲಿ ಗೆರೆ ಎಳೆಯುತ್ತಾರೆ. ಹುಬ್ಬಿನ ಒಳತುದಿಯ ಹತ್ತಿರ ಮೇಲೇರುವ ಒಂದು ರಕ್ತನಾಳವನ್ನು ಉಳಿಸಿಕೊಳ್ಳುತ್ತಾರೆ. ಸುಮಾರು ಮೂರು ವಾರ ಬಿಟ್ಟು ಸಂಪರ್ಕದ ಪಟ್ಟಿಯನ್ನು ಕತ್ತರಿಸುತ್ತಾರೆ. ಇಟ್ಟಿಗೆ ಮಾಡುವವರ ಮನೆಯ ಆ ಮನುಷ್ಯನಿಗೆ ರಕ್ತನಾಳದ ಲ್ಯಾಟಿನ್ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಪಟ್ಟಿಯನ್ನು ಎಲ್ಲಿ ಉಳಿಸಬೇಕು ಅನ್ನುವುದು ಗೊತ್ತಿತ್ತು.

ಆ ಚಿತ್ರ ಬರೆದವನು ಜೇಮ್ಸ್ ವೇಲ್ಸ್, ಸ್ಕಾಟ್ಲೆಂಡಿನ ಚಿತ್ರಕಾರ. ಪೇಶ್ವೆಯ ದರಬಾರನ್ನು ಚಿತ್ರಿಸಲು ಪುಣೆಗೆ ಬಂದಿದ್ದ. ಶನಿವಾರವಾಡೆಯಲ್ಲಿ ಅವನ ಕೈಕೆಳಗೆ ಒಂದು ಚಿತ್ರಶಾಲೆಯೂ ನಡೆದಿತ್ತು, ಗಂಗಾರಾಮ ತಾಂಬಟ ಅನ್ನುವ ಇಲ್ಲಿನ ಕಲಾವಿದ ಅವನ ಜೊತೆ ಕೆಲಸ ಮಾಡಿದ. ಕಾವಸ್ಜಿಯ ಮುಖವನ್ನು ವೇಲ್ಸ್ ಬರೆದದ್ದು 1794ರ ಜನವರಿಯಲ್ಲಿ, ಮೂಗು ಕೂರಿಸಿ ಹತ್ತು ತಿಂಗಳಾದ ಮೇಲೆ. ಹಣೆಯ ಮೇಲೆ ಗಾಯದ ಕಲೆ, ಕೆಳಗೆ ಹೊಸ ಮೂಗು, ಜೊತೆಗೆ ಮೇಣದ ಅಚ್ಚಿನ ಆಕಾರ. ಅದನ್ನು ಅಚ್ಚು ಕೊರೆದು ಪತ್ರಿಕೆಯಲ್ಲಿ ಹಾಕಿದರು. ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯೂ ಈ ವಿಧಾನವನ್ನು ಮೊದಲು ಹೆಣಗಳ ಮೇಲೆ ಮಾಡಿ ನೋಡಿದ. 1814ರಲ್ಲಿ ಜೀವಂತ ರೋಗಿಯ ಮೇಲೆ ಮಾಡಿದ. 1816ರಲ್ಲಿ ಪುಸ್ತಕ ಬರೆದ. ಅಲ್ಲಿಂದ ಯುರೋಪಿನಲ್ಲೆಲ್ಲ ಇದು ಭಾರತೀಯ ವಿಧಾನ ಅಂತಲೇ ಹರಡಿತು. ಬರೀ ಮಾತಿನಲ್ಲಿ ವಿವರಣೆ ಹೋಗಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಹಣೆಯಿಂದ ಚರ್ಮ ಇಳಿಸಿ ಮೂಗು ಮಾಡಿದರು ಅಂದರೆ ನಂಬುವವರು ಯಾರು? ಚಿತ್ರ ನೋಡಿದಾಗ ಕಲೆಯ ಜಾಗ ಕಾಣುತ್ತದೆ, ಮೂಗು ಎಲ್ಲಿಂದ ಬಂತು ಅಂತ ಕಣ್ಣೇ ಲೆಕ್ಕ ಹಾಕುತ್ತದೆ.

ರೋಗಿಯ ಹೆಸರು ಉಳಿಯಿತು. ಚಿತ್ರಕಾರನ ಹೆಸರು ಉಳಿಯಿತು. ಇಂಥ ಆಪರೇಶನ್ ಕಣ್ಣಾರೆ ನೋಡಿದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರೂ ವರದಿಯಲ್ಲಿದೆ. ಹಣೆಯ ಮೇಲೆ ಗೆರೆ ಎಳೆದವನ ಹೆಸರು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ. ಅವನ ಜಾತಿ ಬರೆದರು, ಅಷ್ಟೇ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಹೆಸರು ಅಂದಮೇಲೆ ಮುಂಬೈಯಲ್ಲಿ ದುಡಿದ ಒಬ್ಬರ ಬಗ್ಗೆಯೂ ಹೇಳಬೇಕು. ಮೆಡಿಕಲ್ ಓದುವವರ ಮನೆಯಲ್ಲಿ ದೇಹದ ರಚನೆ ಹೇಳುವ ಗ್ರೇಸ್ ಅನಾಟಮಿ ಅನ್ನುವ ದಪ್ಪ ಪುಸ್ತಕ ನೋಡಿರುತ್ತೀರಿ. ಮೊದಲು ಬಂದದ್ದು 1858ರಲ್ಲಿ, ಲಂಡನ್ನಿನಲ್ಲಿ. ಮಾತು ಹೆನ್ರಿ ಗ್ರೇ ಅವರದ್ದು. ಚಿತ್ರಗಳು ಹೆನ್ರಿ ವ್ಯಾಂಡೈಕ್ ಕಾರ್ಟರ್ ಅವರದ್ದು, ಒಟ್ಟು 363. ಕಾರ್ಟರ್ ಕೂಡ ವೈದ್ಯರೇ. ಮರದ ಅಚ್ಚಿನ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ ಬರೆಯಬೇಕಿತ್ತು, ಅಚ್ಚಾದಾಗ ಸರಿಯಾಗಲಿ ಅಂತ. ಹಾಗೆ ತಿರುಗಿಸಿ ಬರೆಯುತ್ತ ಅವರು ಇನ್ನೊಂದು ಕೆಲಸ ಮಾಡಿದರು. ನರ, ಮಾಂಸಖಂಡ, ರಕ್ತನಾಳದ ಹೆಸರನ್ನು ಅದರ ಮೇಲೆಯೇ, ಅದು ಹೋಗುವ ದಾರಿಯಲ್ಲೇ ಬರೆದರು. ಓದುವವರು ಅಂಕಿ ನೋಡಿ ಪುಟದ ಕೆಳಗೆ ಹುಡುಕಬೇಕಾಗಿರಲಿಲ್ಲ.

ಅದಕ್ಕೆ ಮುನ್ನೂರು ವರ್ಷ ಹಿಂದೆ, 1543ರಲ್ಲಿ ಬಂದ, ವೆಸಾಲಿಯಸ್ ಅನ್ನುವ ವೈದ್ಯರ ಅನಾಟಮಿ ಪುಸ್ತಕದಲ್ಲಿ ಚರ್ಮ ಸುಲಿದ ದೇಹಗಳು ಬೆಟ್ಟ, ಊರುಗಳ ಮುಂದೆ ನಟರಂತೆ ನಿಂತಿರುತ್ತವೆ. ಚಿತ್ರಗಳು ಅದ್ಭುತ, ಆ ಮಾತೇ ಬೇರೆ. ಕಾರ್ಟರ್ ಹಿನ್ನೆಲೆಯನ್ನೆಲ್ಲ ತೆಗೆದುಹಾಕಿದರು. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗನಿಗೆ ಏನು ಬೇಕು ಅಂತ ಅವರಿಗೆ ಗೊತ್ತಿತ್ತು. ಅವರು ನೋಡಿ ಬರೆದ ದೇಹಗಳು ಲಂಡನ್ನಿನ ಬಡವರವು, ಯಾರೂ ಕೇಳಿಕೊಂಡು ಬಾರದ ದೇಹಗಳು. 1832ರ ಕಾನೂನು ಅವನ್ನು ವೈದ್ಯಶಾಲೆಗಳಿಗೆ ಕೊಡಲು ಅವಕಾಶ ಮಾಡಿತ್ತು. ಆ ಬಡವರ ಹೆಸರುಗಳೂ ಎಲ್ಲೂ ಇಲ್ಲ.

ಪುಸ್ತಕ ಮಾರಾಟವಾದಂತೆ ಗ್ರೇಗೆ ಗೌರವಧನ ಬರುವ ಒಪ್ಪಂದ ಇತ್ತು. ಕಾರ್ಟರಿಗೆ ಒಂದು ಸಲಕ್ಕೆ 150 ಪೌಂಡ್, ಮುಗಿಯಿತು. ಮುಖಪುಟದ ಕರಡು ಬಂದಾಗ ಕಾರ್ಟರ್ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕಿ ಅಂತ ಗ್ರೇ ಅವರೇ ತಿದ್ದಿಸಿದರು. ಪುಸ್ತಕ ಬಂದ ವರ್ಷವೇ ಕಾರ್ಟರ್ ಹಡಗು ಹತ್ತಿ ಬಾಂಬೆಗೆ ಬಂದರು. ಬೈಕಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡಿದರು. ಸಾತಾರೆಯಲ್ಲಿ ಸಿವಿಲ್ ಸರ್ಜನ್ ಆಗಿದ್ದರು. 1877ರಲ್ಲಿ ಕಾಲೇಜಿನ ಪ್ರಿನ್ಸಿಪಾಲರಾದರು. 1888ರವರೆಗೆ ಈ ದೇಶದಲ್ಲೇ ದುಡಿದರು. ಕುಷ್ಠರೋಗ, ಮರುಕಳಿಸುವ ಜ್ವರ, ಇವೆಲ್ಲ ಅವರ ಅಧ್ಯಯನ. ಬರಿಗಾಲಲ್ಲಿ ಹೊಲ ಮಾಡುವವರಿಗೆ ಪಾದ ಊದಿಕೊಂಡು, ತೂತು ಬಿದ್ದು, ಒಳಗಿಂದ ಕಪ್ಪು ಕಾಳಿನಂಥ ಚೂರುಗಳು ಬರುವ ಒಂದು ಕಾಯಿಲೆ ಇದೆ. ಮಧುರಾ ಪಾದ ಅಂತ ಕರೆಯುತ್ತಿದ್ದರು. ಅದಕ್ಕೆ ಕಾರಣ ಶಿಲೀಂಧ್ರ ಅಂತ ಗುರುತಿಸಿ ಮೈಸಿಟೋಮ ಎಂದು ಹೆಸರಿಟ್ಟವರು ಕಾರ್ಟರ್. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕೈಯಲ್ಲಿ ಬಿಡಿಸಿ ಇಡುವ ಅಭ್ಯಾಸ ಇದ್ದವರಿಗೇ ಅಂಥದ್ದು ಸಿಗುತ್ತದೆ ಅನಿಸುತ್ತದೆ ನನಗೆ. ಕಣ್ಣು ಹಾರಿಸಿಬಿಡುವುದನ್ನು ಕೈ ಹಾರಿಸಲು ಬಿಡುವುದಿಲ್ಲ.

ಆ ಗ್ರಾಂಟ್ ಕಾಲೇಜಿಗೆ ಸೇರಿದ ಜೆ.ಜೆ. ಆಸ್ಪತ್ರೆಯನ್ನೂ, 1857ರಲ್ಲಿ ಶುರುವಾದ ಜೆ.ಜೆ. ಸ್ಕೂಲ್ ಆಫ್ ಆರ್ಟನ್ನೂ ಕಟ್ಟಲು ದೊಡ್ಡ ದಾನ ಕೊಟ್ಟದ್ದು ಒಬ್ಬರೇ, ಸರ್ ಜಮ್ಶೇಟ್ಜಿ ಜೀಜೀಭಾಯಿ. ಮುಂಬೈಯ ಜೆ.ಜೆ. ಫ್ಲೈಓವರ್ ಹತ್ತಿದವರಿಗೆ ಗೊತ್ತಿರುತ್ತದೆ. ಬೈಕಲಾ ಕಡೆ ಆಸ್ಪತ್ರೆಯ ಹತ್ತಿರ ಹತ್ತಿದರೆ ಇಳಿಯುವುದು ಕ್ರಾಫರ್ಡ್ ಮಾರ್ಕೆಟ್ ದಾಟಿ, ಚಿತ್ರಕಲಾ ಶಾಲೆಯ ಹತ್ತಿರ. ಒಂದು ತುದಿಯ ಮಕ್ಕಳು ಹೆಣ ಕೊಯ್ದು ಮಾಂಸಖಂಡದ ಹೆಸರು ಕಲಿಯುತ್ತಾರೆ, ಇನ್ನೊಂದು ತುದಿಯವರು ಅದೇ ಮಾಂಸಖಂಡ ಎಳೆದುಕೊಂಡಾಗ ತೋಳು ಹೇಗೆ ಕಾಣುತ್ತದೆ ಅಂತ ಕಲಿಯುತ್ತಾರೆ. ಈ ಎರಡು ಗುಂಪು ವಾರಕ್ಕೊಮ್ಮೆಯಾದರೂ ಒಂದೇ ಬೆಂಚಿನಲ್ಲಿ ಕೂರಬೇಕು ಅನ್ನುವುದು ನನ್ನ ಆಸೆ.

ಎಕ್ಸ್‌ರೇ ಬಂದದ್ದು 1895ರಲ್ಲಿ. ರಾಂಟ್‌ಗೆನ್ ಅನ್ನುವ ಜರ್ಮನ್ ವಿಜ್ಞಾನಿ ತನ್ನ ಹೆಂಡತಿಯ ಕೈಯ ಮೂಳೆಗಳನ್ನು, ಬೆರಳಿನ ಉಂಗುರದ ಸಮೇತ, ಗಾಜಿನ ಫಲಕದ ಮೇಲೆ ಹಿಡಿದರು. ಇನ್ನು ಚಿತ್ರಕಾರರ ಕೈ ಬೇಡ ಅಂತ ಅವತ್ತು ಅನೇಕರಿಗೆ ಅನಿಸಿರಬೇಕು. ದೇಹವೇ ತನ್ನ ಚಿತ್ರ ತಾನು ಬರೆದುಕೊಳ್ಳುತ್ತಿದೆಯಲ್ಲ! ಸಿಟಿ, ಎಂಆರ್‌ಐ ಬಂದಾಗಲೂ ಹಾಗೇ ಅನಿಸುತ್ತದೆ. ಆದರೆ ಪರದೆಯ ಮೇಲೆ ಬೂದು ಬಣ್ಣ ಎಷ್ಟು ಗಾಢ ಇರಬೇಕು ಅನ್ನುವುದು ಕೂಡ ಯಾರೋ ಆರಿಸಿದ್ದು. ಒಂದೇ ಸ್ಕ್ಯಾನನ್ನು ಮೂಳೆ ಕಾಣುವ ಹಾಗೆ ಇಟ್ಟರೆ ಮಿದುಳು ಮಸುಕು. ಮಿದುಳು ಕಾಣುವ ಹಾಗೆ ಇಟ್ಟರೆ ಮೂಳೆಯೆಲ್ಲ ಒಂದೇ ಬಿಳಿ.

ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇಲ್ಲದ ಮೂಳೆಯನ್ನು ಬಿಡಿಸುವುದು. 2021ರಲ್ಲಿ ಕೋವಿಡ್ ಜೊತೆ ಬ್ಲ್ಯಾಕ್ ಫಂಗಸ್ ಬಂದದ್ದು ನೆನಪಿರಬಹುದು. ಮಹಾರಾಷ್ಟ್ರದಲ್ಲಿ ಬಹಳ ಜನಕ್ಕೆ ಬಂತು, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ. ಜೀವ ಉಳಿಸಲು ಮೇಲ್ದವಡೆ, ಕೆನ್ನೆ ಮೂಳೆ ತೆಗೆಯಬೇಕಾಯಿತು. ಕೆಲವರಿಗೆ ಕಣ್ಣನ್ನೂ. ಅವರಿಗೆ ಮುಖ ಮತ್ತೆ ಕಟ್ಟುವ ಕೆಲಸ ಆಮೇಲೆ ವರ್ಷಗಟ್ಟಲೆ ನಡೆಯಿತು.

ಅಂಥ ಕೆಲಸಕ್ಕೆ ಸಾಫ್ಟ್‌ವೇರಿನಲ್ಲಿ ಒಂದು ಸುಲಭ ದಾರಿ ಇದೆ. ಮುಖದ ಸರಿಯಿರುವ ಅರ್ಧವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ, ಹೋದ ಅರ್ಧದ ಜಾಗದಲ್ಲಿ ಇಡುವುದು. ಒಂದು ಬಟನ್ ಒತ್ತಿದರೆ ಆಯಿತು. ಶುರು ಮಾಡಲು ಒಳ್ಳೆಯದೇ, ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಯಾರ ಮುಖವೂ ಎರಡೂ ಕಡೆ ಒಂದೇ ಥರ ಇರುವುದಿಲ್ಲ. ಮುಖ ನೋಡಿ ಬಿಡಿಸಿದವರಿಗೆಲ್ಲ ಇದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಒಂದು ಕಣ್ಣು ಚೂರು ಮೇಲೆ, ಒಂದು ಕೆನ್ನೆ ಚೂರು ತುಂಬಿಕೊಂಡು. ಎರಡೂ ಅರ್ಧ ಒಂದೇ ಆದ ಮುಖವನ್ನು ನೋಡಿದರೆ ಯಾರೋ ಬೇರೆಯವರನ್ನು ನೋಡಿದ ಹಾಗಾಗುತ್ತದೆ.

ಅಕ್ಕಲಕೋಟೆ ಕಡೆಯ ಒಬ್ಬ ರೈತರದ್ದು ಹೀಗೇ ಆಗಿತ್ತು. ಎಡಗೆನ್ನೆಯ ಮೂಳೆ ಪೂರ್ತಿ ಹೋಗಿತ್ತು. ಕಾಯಿಲೆಗೆ ಮೊದಲಿನ ಸ್ಕ್ಯಾನ್ ಇರಲಿಲ್ಲ. ಯಾರ ಹತ್ತಿರ ಇರುತ್ತದೆ? ಬಲಗಡೆಯದ್ದನ್ನು ತಿರುಗಿಸಿ ಮೊದಲ ಮಾದರಿ ಮಾಡಿದ್ದೆವು. ಅವರ ಹೆಂಡತಿ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ, "ಅಕ್ಕಾರ, ಇದು ಇವ್ರ ಮಾರಿ ಅಲ್ರೀ" ಅಂದರು. ಏನು ವ್ಯತ್ಯಾಸ ಅಂತ ಕೇಳಿದೆ. "ಎಡಗಡೆ ಗಲ್ಲ ಸ್ವಲ್ಪ ತಗ್ಗಿತ್ರೀ. ಸಣ್ಣಾಂವ ಇದ್ದಾಗ ಎತ್ತಿನ ಮ್ಯಾಲಿಂದ ಬಿದ್ದಿದ್ದರಂತ." ಮಗಳ ಮದುವೆಯ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿದರು. ನಿಂತದ್ದು, ಪಕ್ಕಕ್ಕೆ ತಿರುಗಿದ್ದು, ಊಟದ ಪಂಕ್ತಿಯಲ್ಲಿ ನಕ್ಕಿದ್ದು. ಅವನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು, ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿ ಶುರುವಾಗಿದೆ ಅಂತ ನೋಡುತ್ತ ಆ ಕೆನ್ನೆಯನ್ನು ಮೊದಲು ಕಾಗದದ ಮೇಲೆ ಬಿಡಿಸಿದೆ. ಆಮೇಲೆ ಕಂಪ್ಯೂಟರಿನಲ್ಲಿ ಮೂಳೆಯ ಉಬ್ಬನ್ನು ಚೂರು ಇಳಿಸಿದೆ. ಉಳಿದ ಮೂಳೆಗೆ ಅದು ಕೂರುತ್ತದೋ ಇಲ್ಲವೋ ಅಂತ ಸರ್ಜನ್ ನೋಡಿ, ಸ್ಕ್ರೂ ಹಾಕುವ ಜಾಗ ಬದಲಾಯಿಸಿದರು.

ಇಲ್ಲಿ ಕಲೆ ಯಾವುದು, ವೈದ್ಯಕೀಯ ಯಾವುದು, ತಂತ್ರಜ್ಞಾನ ಯಾವುದು ಅಂತ ಬೇರೆ ಮಾಡಲು ನನಗೆ ಆಗುವುದಿಲ್ಲ. ಆ ಅಮ್ಮನ ನೆನಪು ಇಲ್ಲದಿದ್ದರೆ ಸ್ಕ್ಯಾನ್ ಸಾಲುತ್ತಿರಲಿಲ್ಲ. ಸ್ಕ್ಯಾನ್ ಇಲ್ಲದಿದ್ದರೆ ಫೋಟೊ ನೋಡಿ ಟೈಟೇನಿಯಂ ಮಾಡಲು ಬರುತ್ತಿರಲಿಲ್ಲ.

ಈಗ ಸೆಗ್ಮೆಂಟೇಶನ್ನನ್ನು ತಾನೇ ಮಾಡುವ ಎಐ ಸಾಫ್ಟ್‌ವೇರ್ ಬಂದಿದೆ. ದಿನವಿಡೀ ಹಿಡಿಯುತ್ತಿದ್ದ ಕೆಲಸ ನಿಮಿಷಗಳಲ್ಲಿ ಆಗುತ್ತದೆ. ನಾನು ಅದನ್ನು ಬಳಸುತ್ತೇನೆ, ಸಂತೋಷವಾಗಿ ಬಳಸುತ್ತೇನೆ. ಕ್ಯಾನ್ಸರ್ ರೋಗಿಗೆ ಕಾಯುವ ದಿನ ಕಡಿಮೆಯಾದರೆ ಅದಕ್ಕಿಂತ ದೊಡ್ಡದು ಏನಿದೆ? ಆದರೆ ಆ ಸಾಫ್ಟ್‌ವೇರ್ ಕಲಿತದ್ದೂ ಮನುಷ್ಯರು ಕೈಯಲ್ಲಿ ಅಂಚು ಎಳೆದ ಸಾವಿರಾರು ಸ್ಕ್ಯಾನುಗಳಿಂದ. ಹೆಚ್ಚಿನವರ ಮೂಳೆ ಹೇಗಿರುತ್ತದೋ ಹಾಗೆ ಅದು ಎಳೆಯುತ್ತದೆ. ಗಡ್ಡೆ ತಿಂದ ದವಡೆ, ಹಿಂದೆ ಮುರಿದು ಓರೆಯಾಗಿ ಕೂಡಿಕೊಂಡ ದವಡೆ ಹೆಚ್ಚಿನವರ ಹಾಗೆ ಇರುವುದಿಲ್ಲ. ನಮ್ಮ ಹತ್ತಿರ ಬರುವುದು ಅಂಥವೇ. ಅದರ ಗೆರೆ ಎಲ್ಲಿ ತಪ್ಪಿದೆ ಅಂತ ಹಿಡಿಯಲು ಗೆರೆ ಎಳೆದು ಗೊತ್ತಿರುವವರು ಬೇಕು. ಮುಂದೆ ಅಂಥವರು ಎಲ್ಲಿಂದ ಬರುತ್ತಾರೆ ಅನ್ನುವುದು ನನ್ನ ಚಿಂತೆ.

ನನ್ನ ಅಕ್ಕನ ಮಗಳು ಎಂಬಿಬಿಎಸ್ ಮೊದಲ ವರ್ಷ. ರಜೆಯಲ್ಲಿ ನನ್ನ ಮನೆಗೆ ಬಂದಾಗ ಜರ್ನಲ್ ಬರೆಯುತ್ತ ಕೂತಿರುತ್ತಾಳೆ. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ. ಹಿಸ್ಟಾಲಜಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಅಂಗಾಂಶದ ಚಿತ್ರಗಳಿಗೆ, ಗುಲಾಬಿ ಮತ್ತು ನೇರಳೆ ಪೆನ್ಸಿಲ್, ಗಾಜಿನ ಸ್ಲೈಡಿಗೆ ಹಾಕುವ ಬಣ್ಣ ಅದೇ ಆದ್ದರಿಂದ. ಆದರೆ ಅವಳು ಬಿಡಿಸುವುದು ಸೀನಿಯರ್ ಜರ್ನಲ್ ನೋಡಿ. ಸೀನಿಯರ್ ಬಿಡಿಸಿದ್ದು ಅವರ ಸೀನಿಯರ್ ಜರ್ನಲ್ ನೋಡಿ. "ಮೌಶಿ, ಎಲ್ಲಾರೂ ಹಿಂಗ ಮಾಡ್ತಾರ. ಟೈಮ್ ಎಲ್ಲೈತಿ?" ಅನ್ನುತ್ತಾಳೆ. ಅವಳ ಮಾತೂ ನಿಜ, ಓದುವುದು ಬೆಟ್ಟದಷ್ಟಿದೆ. ಆದರೂ ನಾನು ಬಿಡಲಿಲ್ಲ. ವಾರಕ್ಕೆ ಒಂದೇ ಒಂದು ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿಯೇ ಬಿಡಿಸು, ಕೆಟ್ಟದಾಗಿ ಬಂದರೂ ಪರವಾಗಿಲ್ಲ ಅಂದೆ. ಒಂದು ತಿಂಗಳಾದ ಮೇಲೆ ಫೋನ್ ಮಾಡಿದಳು. ಪುಸ್ತಕದಲ್ಲಿ ಪಿತ್ತಜನಕಾಂಗದ ಕೋಣೆಗಳಿಗೆ ಆರು ಮೂಲೆಯ ಚೊಕ್ಕ ಗೆರೆ ಹಾಕಿರುತ್ತಾರೆ, ಮನುಷ್ಯರ ಸ್ಲೈಡಿನಲ್ಲಿ ಆ ಗೆರೆ ಕಾಣುವುದೇ ಇಲ್ಲ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಹುಡುಕಬೇಕು ಅಂತ ಹೇಳಿದಳು. ಹೌದು, ಮನುಷ್ಯರಲ್ಲಿ ಅದು ಹಾಗೇ. ಅವಳ ಧ್ವನಿಯಲ್ಲಿ ಸಿಟ್ಟೂ ಇತ್ತು, ಖುಷಿಯೂ ಇತ್ತು. ನನಗೆ ಖುಷಿ ಮಾತ್ರ.

ನಮ್ಮ ಕೋಣೆಯಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಯಂತ್ರ ಸ್ಪಷ್ಟವಾಗಿ ಅಳೆದ ಮೂಳೆಗೆ ಫೈಲಿನಲ್ಲಿ ಬಿಳಿ ಬಣ್ಣ. ನಾವು ಅಂದಾಜಿನಿಂದ ಎಳೆದ ಕಡೆ ಕಿತ್ತಳೆ ಬಣ್ಣ. ಜೊತೆಗೆ ಆ ಕಿತ್ತಳೆ ಭಾಗ ಯಾರು ಎಳೆದರು ಅಂತ ಹೆಸರು, ಫೋನ್ ನಂಬರ್. ಸರ್ಜನ್ನರಿಗೆ ಮೊದಮೊದಲು ಇದು ವಿಚಿತ್ರ ಅನಿಸಿತು. ಈಗ ಅವರೇ ಕೇಳುತ್ತಾರೆ. ಬೆಳಗಾವಿ ಕಡೆಯ ಒಬ್ಬ ಡಾಕ್ಟರು ಮೊನ್ನೆ ಆಪರೇಶನ್ನಿನ ಹಿಂದಿನ ಸಂಜೆ ಫೋನ್ ಮಾಡಿದರು.

"ಮೇಡಂ, ಕಣ್ಣಿನ ಗುಳಿ ಕೆಳಗ ಕಿತ್ತಳೆ ಅದಲ್ಲ, ಎಷ್ಟು ಖಾತ್ರಿ ಅದ ನಿಮಗ?"

"ಸರ್, ಎರಡು ಬಿಲ್ಲೆಯಲ್ಲಿ ಮಸುಕಾಗಿ ಕಾಣ್ತದ. ಉಳಿದದ್ದು ಅಕ್ಕಪಕ್ಕ ನೋಡಿ ನಾನು ಸೇರಿಸಿದ್ದು. ಮೂಳೆ ಅದ, ಆದರ ಭಾರ ತಡೀತದ ಅಂತ ನಾನು ಹೇಳಂಗಿಲ್ಲ."

"ಆತು ಹಂಗಾರ. ಅಲ್ಲಿ ಸ್ಕ್ರೂ ಬ್ಯಾಡ. ಪಟ್ಟಿ ಪಕ್ಕಕ್ಕ ಸರಸೋಣ, ಫೈಲ್ ಇವತ್ತೇ ಬದಲಿ ಮಾಡಿ ಕಳಸ್ರಿ."